ಬಾರದ ದೋಣಿಗೆ ಕಾಯುವುದು: ಕ್ರೈಸ್ತ ನಂಬಿಕೆಯಲ್ಲಿ ‘ತಡ’ ಅಂದರೆ ಏನು?

ನವೆಂಬರ್ ಮುಗಿಯುವಷ್ಟರಲ್ಲಿ ಕಾರವಾರದ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡಲು ಶುರುವಾಗುತ್ತವೆ. ಬೇಕರಿಯವರು ಕೇಕಿಗೆ ಬುಕ್ಕಿಂಗ್ ತೆಗೆದುಕೊಳ್ಳುತ್ತಾರೆ. ಅದೇ ಹೊತ್ತಿಗೆ ಇಗರ್ಜಿಯೊಳಗೆ (ಚರ್ಚಿನೊಳಗೆ) ಹೋಗಿ ನೋಡಿ, ಹಬ್ಬದ ಸುಳಿವೇ ಇರುವುದಿಲ್ಲ. ಪೀಠದ ಮೇಲೆ ಹೂವು ಕಡಿಮೆ. ಪಾದ್ರಿಗಳ ಮೇಲುಡುಪು ನೇರಳೆ ಬಣ್ಣದ್ದು. ಪಕ್ಕದಲ್ಲಿ ಹಸಿರೆಲೆ ಸುತ್ತಿದ ಒಂದು ಬಳೆ, ಅದರಲ್ಲಿ ನಾಲ್ಕು ಮೊಂಬತ್ತಿ. ಉರಿಯುತ್ತಿರುವುದು ಒಂದೇ.

ಕಳೆದ ವರ್ಷ ಪಕ್ಕದ ಮನೆಯ ಅಕ್ಕ ನನ್ನ ಜೊತೆ ಬಂದವರು ಇದನ್ನು ನೋಡಿದರು. ಅವರು ಶಿರಸಿ ಕಡೆಯವರು. “ನಾಲ್ಕೂ ಹಚ್ಚಿಬಿಡಬಾರದಾ ತಂಗಿ? ಇಟ್ಟಿದ್ದು ಉರಿಸೋಕೇ ಅಲ್ವಾ?” ಅಂದರು. ನಾನು ನಕ್ಕು ಏನೋ ಹೇಳಿದೆ. ಒಂದು ವಾರ ಬಿಟ್ಟು ಅವರೇ ಇನ್ನೊಂದು ಪ್ರಶ್ನೆ ಕೇಳಿದರು. ಆಗ ನಮ್ಮ ಮನೆಯಲ್ಲಿ ತಮ್ಮನ ಕೆಲಸದ ಆರ್ಡರಿಗೆ ಕಾದು ಎರಡು ವರ್ಷವಾಗಿತ್ತು. ಅಮ್ಮ ದಿನಾ ಸಂಜೆ ಜಪಸರ ಹಿಡಿದು ಕೂರುವುದು ಅವರ ಅಡುಗೆಮನೆ ಕಿಟಕಿಗೆ ಕಾಣುತ್ತದೆ. “ಬೇಜಾರು ಮಾಡ್ಕೋಬೇಡ. ಇಷ್ಟು ದಿನ ಕೇಳಿದರೂ ಸಿಗದೇ ಇದ್ದಾಗ ನಿಮ್ಮವರು ಹೇಗೆ ನಂಬಿಕೊಂಡು ಇರ್ತೀರಿ?”

ಮೊಂಬತ್ತಿಯ ಪ್ರಶ್ನೆ, ಅಮ್ಮನ ಪ್ರಶ್ನೆ ಎರಡೂ ಒಂದೇ ಅನ್ನುವುದು ನನಗೆ ಹೊಳೆದದ್ದು ಆಮೇಲೆ. ಅಕ್ಕನಿಗೆ ಆಗ ಸರಿಯಾಗಿ ಹೇಳಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ನಾಲ್ಕು ವಾರ, ಒಂದೊಂದೇ ಮೊಂಬತ್ತಿ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಗೆ ಆಗಮನ ಕಾಲ ಎನ್ನುತ್ತಾರೆ. ಇಂಗ್ಲಿಷಿನವರ ಅಡ್ವೆಂಟ್ ಇದೇ. ನವೆಂಬರ್ 30ಕ್ಕೆ ಯಾವ ಭಾನುವಾರ ಹತ್ತಿರವೋ ಅಂದು ಶುರು. ಹಾಗಾಗಿ ಕೆಲವು ವರ್ಷ 22 ದಿನ, ಕೆಲವು ವರ್ಷ 28 ದಿನ. ಕಥೋಲಿಕರ ಪಂಚಾಂಗದಲ್ಲಿ ಹೊಸ ವರ್ಷ ಹುಟ್ಟುವುದೂ ಆ ಭಾನುವಾರವೇ, ಜನವರಿ 1ರಂದಲ್ಲ. ಅಂದರೆ ವರ್ಷದ ಬಾಗಿಲು ತೆರೆಯುವುದೇ ಕಾಯುವುದರಿಂದ.

ಮೊಂಬತ್ತಿ ಮೂರು ನೇರಳೆ, ಒಂದು ಗುಲಾಬಿ. ವಾರಕ್ಕೊಂದು ಹಚ್ಚುತ್ತಾರೆ. ಗುಲಾಬಿ ಬಣ್ಣದ್ದು ಮೂರನೇ ಭಾನುವಾರದ್ದು, ಅರ್ಧ ದಾರಿ ದಾಟಿದೆವು ಅನ್ನುವ ಸಣ್ಣ ಖುಷಿಗೆ. ಈ ಪದ್ಧತಿ ತುಂಬಾ ಹಳೆಯದೇನಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಚ್ ವಿಚರ್ನ್ ಎಂಬ ಲುಥೆರನ್ ಪಾದ್ರಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದರು. ಮಕ್ಕಳು ದಿನಾ “ಹಬ್ಬ ಬಂತಾ, ಹಬ್ಬ ಬಂತಾ” ಎಂದು ಕೇಳುತ್ತಿದ್ದರಂತೆ. ಅವರು ಒಂದು ಗಾಡಿಚಕ್ರಕ್ಕೆ ಮೊಂಬತ್ತಿ ಸಿಕ್ಕಿಸಿ, ದಿನಕ್ಕೊಂದು ಹಚ್ಚುತ್ತಾ ಹೋದರು. ಉಳಿದದ್ದನ್ನು ಮಕ್ಕಳೇ ಎಣಿಸಿಕೊಳ್ಳಬಹುದಿತ್ತು. ಅಕ್ಕನಿಗೆ ಆಗ ಹೇಳಬೇಕಿದ್ದ ಉತ್ತರ ಇದು. ಉರಿಯದ ಮೊಂಬತ್ತಿಗೂ ಅಲ್ಲಿ ಕೆಲಸ ಇದೆ.

ಯಾರಿಗೆ ಕಾಯುವುದು? ಯೇಸು ಹುಟ್ಟಿ ಎರಡು ಸಾವಿರ ವರ್ಷ ಆಯಿತಲ್ಲ? ಕ್ರೈಸ್ತರ ನಂಬಿಕೆಯಲ್ಲಿ ಎರಡು ಬರುವಿಕೆಗಳಿವೆ. ಒಂದು ಆಗಿಹೋಗಿದೆ, ಬೆತ್ಲೆಹೇಮಿನಲ್ಲಿ. ಇನ್ನೊಂದು ಆಗಬೇಕಿದೆ, ಲೋಕದ ನೋವೆಲ್ಲ ಮುಗಿಯುವ ದಿನ. ಇವೆರಡರ ನಡುವಿನ ಜಾಗದಲ್ಲಿ ನಾವಿದ್ದೇವೆ ಎಂದು ಅವರು ತಿಳಿಯುತ್ತಾರೆ. ಜೂನ್ ಮೊದಲ ವಾರದ ನಮ್ಮ ಕರಾವಳಿಯನ್ನು ನೆನಪು ಮಾಡಿಕೊಳ್ಳಿ. ಮಳೆ ಕೇರಳ ಮುಟ್ಟಿತು ಅಂತ ರೇಡಿಯೋ ಹೇಳಿದೆ. ಗಾಳಿ ತಿರುಗಿದೆ. ಕಡಲಿನ ಬಣ್ಣ ಬದಲಾಗಿದೆ. ಅಂಗಳದಲ್ಲಿದ್ದ ಸೌದೆ ಒಳಗೆ ಬಂದಿದೆ. ಮಳೆಗಾಲ ಶುರುವಾಯಿತಾ ಅಂದರೆ ಆಯಿತು. ಮಳೆ ಬಂತಾ ಅಂದರೆ ಇಲ್ಲ. ಹೆಚ್ಚುಕಡಿಮೆ ಅಂಥದ್ದು.

‘ಕಾಯು’ ಅನ್ನುವ ಮಾತಿನೊಳಗೆ

ಈ ವಿಷಯಕ್ಕೆ ಕನ್ನಡದಷ್ಟು ಒಗ್ಗುವ ಭಾಷೆ ಸಿಗುವುದು ಕಷ್ಟ. ಬಸ್ಸಿಗೆ ಕಾಯುತ್ತೇವೆ. ದನ ಕಾಯುತ್ತೇವೆ, ತೋಟ ಕಾಯುತ್ತೇವೆ. ಒಲೆಯ ಮೇಲೆ ನೀರು ಕಾಯುತ್ತದೆ. ಕಷ್ಟ ಬಂದಾಗ “ದೇವರೇ ಕಾಯಬೇಕು” ಅನ್ನುತ್ತೇವೆ. ಎದುರು ನೋಡುವುದು, ನೋಡಿಕೊಳ್ಳುವುದು, ಬಿಸಿಯಾಗುವುದು, ಕಾಪಾಡುವುದು, ಎಲ್ಲಕ್ಕೂ ಒಂದೇ ಮಾತು. ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ಕೂತವನೂ ಕಾಯುತ್ತಾನೆ, ರಾತ್ರಿಯೆಲ್ಲ ಕಾಡುಹಂದಿ ಓಡಿಸುತ್ತಾ ಗದ್ದೆಯಲ್ಲಿ ಎಚ್ಚರ ಇರುವವನೂ ಕಾಯುತ್ತಾನೆ.

ಬೈಬಲ್ಲಿನ ಕಾಯುವಿಕೆ ಈ ಎರಡನೆಯ ಜಾತಿಯದು. ಬೈಬಲ್ಲಿನ 150 ಕೀರ್ತನೆಗಳಲ್ಲಿ 130ನೆಯದು ಹೇಳುವುದೂ ಇದನ್ನೇ: ಬೆಳಗಾಗುವುದನ್ನು ಕಾವಲುಗಾರರು ಎದುರು ನೋಡುವುದಕ್ಕಿಂತ ಹೆಚ್ಚಾಗಿ ನನ್ನ ಜೀವ ದೇವರನ್ನು ಎದುರು ನೋಡುತ್ತದೆ ಎಂದು. ಕಾವಲುಗಾರನಿಗೆ ಬೆಳಕು ತರುವ ಶಕ್ತಿ ಇಲ್ಲ. ಅದು ಬಂದೇ ಬರುತ್ತದೆ ಅನ್ನುವುದರಲ್ಲಿ ಅನುಮಾನವೂ ಇಲ್ಲ. ಅಲ್ಲಿಯವರೆಗೆ ನಿದ್ದೆ ಮಾಡದೇ ಇರುವುದಷ್ಟೇ ಅವನ ಪಾಲಿನದು.

ಅಲ್ಲಿ ಬಳಸಿರುವ ಹೀಬ್ರೂ ಪದ ‘ಕವಾ’. ಇದಕ್ಕೂ ಹಗ್ಗ, ನೂಲು ಅನ್ನುವ ಅರ್ಥದ ‘ಕವ್’ ಪದಕ್ಕೂ ನಂಟಿದೆ ಎಂದು ಭಾಷೆ ಬಲ್ಲವರು ಹೇಳುತ್ತಾರೆ. ಬಿಗಿಯಾಗಿ ಎಳೆದು ಹಿಡಿದ ಹಗ್ಗ. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಡದಿಂದ ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಗೊತ್ತು. ದೋಣಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬರುತ್ತದೆ. ಆಮೇಲೆ ದಡದ ಮೇಲೆ ಎರಡೂ ಕಡೆ ಜನ ನಿಂತು ಹಗ್ಗ ಎಳೆಯುತ್ತಾರೆ. ಗಂಟೆಗಟ್ಟಲೆ ಎಳೆದರೂ ಮೀನು ಕಾಣಿಸುವುದಿಲ್ಲ. ಆದರೆ ಹಗ್ಗದ ಬಿಗಿ ಕೈಗೆ ಗೊತ್ತಾಗುತ್ತಿರುತ್ತದೆ, ಆ ತುದಿಯಲ್ಲಿ ಏನೋ ಇದೆ ಎಂದು. ಬಂಗಡೆಯೋ, ಬರೀ ಕಸವೋ, ಅದು ದಡಕ್ಕೆ ಬಂದ ಮೇಲೆ.

ಬೈಬಲ್ಲಿನ ತಡದ ಲೆಕ್ಕ

ದೇವರು ಕೇಳಿದ ಕೂಡಲೇ ಕೊಟ್ಟ ಕಥೆಗಳು ಬೈಬಲ್ಲಿನಲ್ಲಿ ಇವೆ. ತಡವಾಗಿ ಕೊಟ್ಟ ಕಥೆಗಳು ಅದಕ್ಕಿಂತ ಜಾಸ್ತಿ ಇರಬಹುದು ಎಂದು ನನ್ನ ಅಂದಾಜು.

ಅಬ್ರಹಾಮನಿಗೆ ಕರೆ ಬಂದಾಗ 75 ವರ್ಷ. ನಿನ್ನಿಂದ ದೊಡ್ಡ ಜನಾಂಗ ಹುಟ್ಟುತ್ತದೆ ಅನ್ನುವ ಮಾತು ಸಿಕ್ಕಿತು. ಹತ್ತು ವರ್ಷ ಕಳೆದರೂ ಮಗು ಇಲ್ಲ. ಆಗ ಹೆಂಡತಿ ಸಾರಾ ಒಂದು ಅಡ್ಡದಾರಿ ಹುಡುಕಿದಳು. ದಾಸಿ ಹಾಗರಳಿಂದ ಗಂಡನಿಗೆ ಮಗು ಆಗಲಿ ಎಂದಳು. ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86. ಆ ಮನೆಯಲ್ಲಿ ಆಮೇಲೆ ಜಗಳ ನಿಲ್ಲಲಿಲ್ಲ, ಕೊನೆಗೆ ಹಾಗರಳೂ ಮಗುವೂ ಮರುಭೂಮಿಯ ಪಾಲಾದರು. ಮಾತು ಕೊಟ್ಟ ಮಗು ಇಸಾಕ ಹುಟ್ಟಿದ್ದು ಅಬ್ರಹಾಮನಿಗೆ 100 ತುಂಬಿದಾಗ. ಒಟ್ಟು 25 ವರ್ಷ. ಇಸಾಕ ಅಂದರೆ ನಗು. ಈ ವಯಸ್ಸಿನಲ್ಲಿ ಮಗುವಾ ಎಂದು ಸಾರಾ ಬಾಗಿಲ ಹಿಂದೆ ನಿಂತು ನಕ್ಕಿದ್ದಳು.

ಅಣ್ಣಂದಿರ ಕೈಯಲ್ಲಿ ಮಾರಾಟವಾದ ಯೋಸೇಫನಿಗೆ ಆಗ 17ರ ವಯಸ್ಸು. ಈಜಿಪ್ಟಿನ ಅರಸನ ಮುಂದೆ ನಿಂತಾಗ 30. ನಡುವೆ ದಾಸನ ಕೆಲಸ, ಸುಳ್ಳು ಆರೋಪ, ಜೈಲು. ಜೈಲಿನಲ್ಲಿ ಅವನಿಂದ ಉಪಕಾರ ಪಡೆದ ಅರಮನೆಯ ನೌಕರನೊಬ್ಬ ಹೊರಗೆ ಹೋದ ಮೇಲೆ ಮರೆತುಬಿಟ್ಟ. ಅಷ್ಟಕ್ಕೇ ಮತ್ತೆ ಎರಡು ವರ್ಷ. ಕಚೇರಿಯಲ್ಲಿ “ನಿಮ್ಮ ಫೈಲು ನೆನಪಿಸ್ತೀನಿ” ಎಂದವರನ್ನು ನಂಬಿ ಕೂತವರಿಗೆ ಈ ಭಾಗ ಓದಿದರೆ ಯೋಸೇಫ ಪಕ್ಕದ ಕುರ್ಚಿಯಲ್ಲೇ ಇದ್ದಾನೆ ಅನಿಸುತ್ತದೆ.

ಇನ್ನೊಂದು ಸಣ್ಣ ತಡ, ಎರಡೇ ದಿನದ್ದು. ಗೆಳೆಯ ಲಾಜರನಿಗೆ ಕಾಯಿಲೆ ಜೋರಾಗಿದೆ ಎಂದು ಯೇಸುವಿಗೆ ಸುದ್ದಿ ಬರುತ್ತದೆ. ಯೇಸು ಹೊರಡುವುದಿಲ್ಲ, ಇದ್ದಲ್ಲೇ ಎರಡು ದಿನ ಉಳಿಯುತ್ತಾನೆ. ಊರು ಮುಟ್ಟುವಷ್ಟರಲ್ಲಿ ಲಾಜರ ಸಮಾಧಿ ಸೇರಿ ನಾಲ್ಕು ದಿನ. ಅಕ್ಕ ಮಾರ್ಥಾ ದಾರಿಗೇ ಬಂದು, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅನ್ನುತ್ತಾಳೆ. ಯೇಸು ಅವಳನ್ನು ಗದರುವುದಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಅಳುತ್ತಾನೆ. ಲಾಜರ ಮತ್ತೆ ಎದ್ದು ಬರುವುದು ಎಲ್ಲರಿಗೂ ಗೊತ್ತಿರುವ ಕಥೆ. ಅದಕ್ಕೂ ಮುಂಚಿನ ಈ ಅಳುವಿನ ಸಾಲು ಮರೆತುಹೋಗುತ್ತದೆ.

ಆದರೆ ತಡ ಯಾಕೆ?

ನೇರವಾಗಿ ಹೇಳಬೇಕೆಂದರೆ ಇದಕ್ಕೆ ಒಂದೇ ಉತ್ತರವನ್ನು ಕ್ರೈಸ್ತ ಧರ್ಮ ಕೊಡುವುದಿಲ್ಲ. ಹೊಸ ಒಡಂಬಡಿಕೆಯ ಪೇತ್ರನ ಎರಡನೇ ಪತ್ರದಲ್ಲಿ ಒಂದು ಉತ್ತರವಿದೆ: ದೇವರಿಗೆ ಒಂದು ದಿನ ಸಾವಿರ ವರ್ಷದಂತೆ, ನೀವು ತಡ ಅನ್ನುವುದು ಆತನ ತಾಳ್ಮೆ, ಯಾರೂ ಹಾಳಾಗದಿರಲಿ ಎಂದು ಕೊಡುತ್ತಿರುವ ಸಮಯ. ಯಾಕೋಬನ ಪತ್ರ ರೈತನನ್ನು ತೋರಿಸುತ್ತದೆ. ಮುಂಗಾರು ಹಿಂಗಾರು ಎರಡೂ ಬರುವ ತನಕ ಅವನು ಬೆಳೆಗೆ ತಾಳಿಕೊಂಡಿರುತ್ತಾನೆ. ಶಿರಸಿಯ ಅಡಿಕೆ ಬೆಳೆಗಾರರಿಗೆ ಇದು ಹೊಸತಲ್ಲ. ಇವತ್ತು ನೆಟ್ಟ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಅಷ್ಟರ ಮೇಲೂ ಕೊಳೆ ರೋಗ ಬಂದರೆ ಆ ವರ್ಷದ್ದು ಹೋಯಿತು.

ಇದರ ಜೊತೆಗೆ ಒಂದು ವ್ಯತ್ಯಾಸವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಎಲ್ಲ ತಡವೂ ದೇವರದ್ದಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ 1990ರ ದಶಕದಿಂದ ನಮ್ಮ ಜಿಲ್ಲೆ ಕಾಯುತ್ತಿದೆ. ಅದರ ಹಿಂದೆ ಇರುವುದು ಕಾಡು, ಕೋರ್ಟು, ಸರ್ಕಾರ. ಅದನ್ನು ದೇವರ ಚಿತ್ತ ಎಂದು ಯಾರೂ ಅನ್ನುವುದಿಲ್ಲ ತಾನೇ? ಮನುಷ್ಯರು ಮಾಡಿದ ತಡವನ್ನು ಸಹಿಸಿಕೊಂಡು ಕೂರಿ ಎಂದು ಬೈಬಲ್ ಹೇಳುವುದಿಲ್ಲ. ಯೇಸು ಹೇಳಿದ ಒಂದು ಸಾಮತಿಯಲ್ಲಿ, ಅಂದರೆ ನೀತಿಕಥೆಯಲ್ಲಿ, ನ್ಯಾಯ ಕೊಡದ ನ್ಯಾಯಾಧೀಶನ ಬಳಿಗೆ ಒಬ್ಬ ವಿಧವೆ ಮತ್ತೆ ಮತ್ತೆ ಬರುತ್ತಾಳೆ. ಕೊನೆಗೆ ಅವಳ ಕಾಟ ತಾಳಲಾರದೆ ಅವನು ತೀರ್ಪು ಕೊಡುತ್ತಾನೆ. ಎಡೆಬಿಡದೆ ಪ್ರಾರ್ಥಿಸುವುದಕ್ಕೆ ಯೇಸು ಕೊಟ್ಟ ಮಾದರಿ, ಕಚೇರಿ ಅಲೆಯುವ ಒಬ್ಬ ಹೆಂಗಸು.

ದೇವರ ಮೇಲೆ ದೂರು ಹೇಳಬಹುದಾ?

ಹೇಳಬಹುದು. ಹೊರಗಿನವರಿಗೆ, ಎಷ್ಟೋ ಸಲ ಒಳಗಿನವರಿಗೂ ಆಶ್ಚರ್ಯ ಆಗುವ ಸಂಗತಿ ಇದು.

ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅಳಲು, ದೂರು. 13ನೇ ಕೀರ್ತನೆ ಶುರುವಾಗುವುದೇ “ಎಷ್ಟು ಕಾಲ?” ಎಂದು. ಎರಡೇ ವಚನದೊಳಗೆ ಅದೇ ಪ್ರಶ್ನೆ ನಾಲ್ಕು ಸಲ ಬರುತ್ತದೆ. 88ನೆಯದಂತೂ ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲೆ ಅನ್ನುವ ಮಾತಿನಲ್ಲಿ ಮುಗಿದುಹೋಗುತ್ತದೆ. ಇದನ್ನು ಬರೆದವನನ್ನು ಯಾರೂ ಪುಸ್ತಕದಿಂದ ಹೊರಗೆ ಹಾಕಲಿಲ್ಲ. ಪ್ರಾರ್ಥನೆ ಎಂದೇ ಇಟ್ಟುಕೊಂಡರು. ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಇಂಥದೇ ಒಂದು ಕೀರ್ತನೆಯ ಮೊದಲ ಸಾಲು, 22ನೆಯದು, ದೇವರೇ ನನ್ನನ್ನು ಯಾಕೆ ಕೈಬಿಟ್ಟೆ ಎಂದು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ಹೊಳೆಯ ದಡದಲ್ಲಿ ಕಾದು ನಿಂತವರನ್ನು ಈ ಜಿಲ್ಲೆ ನೋಡಿದೆ. ಹೊಳೆಯಲ್ಲಿ ಮುಳುಗಿದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಅಂಥ ಕಾಯುವಿಕೆಯ ಮುಂದೆ ನಿಂತು, ಎಲ್ಲ ಒಳ್ಳೆಯದಕ್ಕೇ ಎಂದು ಹೇಳಲು ಬಾಯಿ ಬರುವುದಿಲ್ಲ. ಬರಬಾರದು ಕೂಡ. ಅಂಥ ಹೊತ್ತಿಗೆಂದೇ ಈ ಕೀರ್ತನೆಗಳು ಇರುವುದು.

ಇಗರ್ಜಿಯ ಪಂಚಾಂಗದಲ್ಲಿ ಇದಕ್ಕೂ ಒಂದು ದಿನ ಇದೆ. ಶುಭ ಶುಕ್ರವಾರಕ್ಕೂ (ಗುಡ್ ಫ್ರೈಡೇ) ಈಸ್ಟರಿಗೂ ನಡುವಿನ ಶನಿವಾರ. ಯೇಸು ಸತ್ತಿದ್ದಾನೆ, ಇನ್ನೂ ಎದ್ದಿಲ್ಲ. ಅಂದು ಹಗಲು ಬಲಿಪೂಜೆ (ಇಂಗ್ಲಿಷಿನವರ ಮಾಸ್) ಇಲ್ಲ, ಪೀಠದ ಮೇಲೆ ಬಟ್ಟೆಯೂ ಇಲ್ಲ. ಏನೂ ನಡೆಯದ ದಿನವನ್ನೂ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದಾರೆ.

“ನಂಬಿಕೆ ಕಡಿಮೆ, ಅದಕ್ಕೇ ಸಿಕ್ಕಿಲ್ಲ”

ಕಾಯುತ್ತಿರುವವರಿಗೆ ಈ ಮಾತು ಹೇಳುವವರು ಎಲ್ಲ ಊರಲ್ಲೂ ಇರುತ್ತಾರೆ. ಅಮ್ಮನಿಗೂ ಯಾರೋ ಹೇಳಿದ್ದರು. ಬೈಬಲ್ ಈ ಲೆಕ್ಕ ಒಪ್ಪುವುದಿಲ್ಲ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ಹಿಂದಿನ ಕಾಲದ ದೊಡ್ಡ ನಂಬಿಗಸ್ತರ ಹೆಸರನ್ನೆಲ್ಲ ಪಟ್ಟಿ ಮಾಡುತ್ತದೆ. ಇವರು ಮಾತು ಕೊಟ್ಟದ್ದನ್ನು ಪಡೆಯದೆಯೇ ತೀರಿಕೊಂಡರು, ದೂರದಿಂದ ನೋಡಿ ಕೈಬೀಸಿದರು ಅನ್ನುವ ಅರ್ಥದ ಮಾತು ಅದೇ ಅಧ್ಯಾಯದಲ್ಲಿದೆ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಹೊರಬಂದ ಅವರ ಪತ್ರಗಳಲ್ಲಿ ದಶಕಗಟ್ಟಲೆ ದೇವರ ಸದ್ದೇ ಕೇಳಿಸದ ಒಣ ಕಾಲದ ಮಾತಿದೆ. ಆ ವರ್ಷಗಳಲ್ಲೂ ಅವರು ದಿನಾ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿದ್ದರು.

ಕಾಯುವ ಹೊತ್ತಿಗೆ ಕೈಯಲ್ಲಿ ಕೆಲಸ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಹಾಕುವ ಕಾಲ, ಕಡಲೂ ಒರಟು. ಆಗ ಬಂದರಿಗೆ ಹೋದರೆ ಕೈಕಟ್ಟಿ ಕೂತವರು ಕಡಿಮೆ. ಬಲೆಯ ತೂತು ಹೆಣೆಯುತ್ತಾರೆ, ಎಂಜಿನ್ ಬಿಚ್ಚುತ್ತಾರೆ, ದೋಣಿಗೆ ಬಣ್ಣ ಹೊಡೆಯುತ್ತಾರೆ. ಆಗಸ್ಟ್ 1ರಂದು ಮೀನು ಸಿಗುತ್ತದೋ ಇಲ್ಲವೋ, ಬಲೆ ಮಾತ್ರ ಸಿದ್ಧ ಇರುತ್ತದೆ.

ಪ್ರವಾದಿ ಯೆರೆಮೀಯ ಬಾಬಿಲೋನಿಗೆ ಸೆರೆ ಹೋದ ತನ್ನ ಜನರಿಗೆ ಒಂದು ಕಾಗದ ಬರೆದ. ಈಗಲೇ ಬಿಡುಗಡೆ ಆಗುತ್ತದೆ ಎಂದು ಬೇರೆ ಪ್ರವಾದಿಗಳು ಆಸೆ ಹುಟ್ಟಿಸುತ್ತಿದ್ದ ಕಾಲ ಅದು. ಇವನು, ಇಲ್ಲ, 70 ವರ್ಷ ಆಗುತ್ತದೆ ಎಂದ. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಹಾಕಿ, ಮದುವೆ ಮಾಡಿ, ನೀವಿರುವ ಊರಿನ ಒಳಿತಿಗೆ ಪ್ರಾರ್ಥಿಸಿ ಎಂದ. ಕಾಯುವವರಿಗೆ ಇದಕ್ಕಿಂತ ನೆಲ ಮುಟ್ಟಿದ ಸಲಹೆ ನನಗೆ ಗೊತ್ತಿಲ್ಲ.

ಇಗರ್ಜಿಯ ಅಭ್ಯಾಸಗಳೂ ಹೀಗೆ ಕೈಗೆ ಕೆಲಸ ಕೊಡುವಂಥವು. ಮನಸ್ಸಿಗೆ ಮಾತು ಹೊಳೆಯದ ದಿನ ಜಪಸರದ ಮಣಿ ಸರಿಸಬಹುದು, ಮಾತು ಮೊದಲೇ ಅಲ್ಲಿದೆ. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಾಡುವ ನೊವೇನಾ ಹುಟ್ಟಿದ್ದೂ ಒಂದು ಕಾಯುವಿಕೆಯಿಂದಲೇ. ಯೇಸು ಪರಲೋಕಕ್ಕೆ ಏರಿದ ಮೇಲೆ ಪವಿತ್ರಾತ್ಮ ಇಳಿದು ಬರುವವರೆಗೆ ಶಿಷ್ಯರು, ಯೇಸುವಿನ ತಾಯಿ ಮರಿಯಮ್ಮ ಎಲ್ಲರೂ ಒಂದು ಮಹಡಿಯ ಕೋಣೆಯಲ್ಲಿ ಸೇರಿ ಪ್ರಾರ್ಥಿಸಿದ ಒಂಬತ್ತು ದಿನ ಅದು. ಒಬ್ಬೊಬ್ಬರೇ ಅಲ್ಲ, ಒಟ್ಟಿಗೆ.

ಯೇಸು ಸಭೆ ಎಂಬ ಕಥೋಲಿಕ ಸಂನ್ಯಾಸಿ ಸಂಘವನ್ನು (ಜೆಸ್ವಿಟರು) ಕಟ್ಟಿದ ಲೊಯೋಲಾದ ಇಗ್ನೇಷಿಯಸ್ ಇನ್ನೊಂದು ನಿಯಮ ಹೇಳಿದ. 1521ರಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದು, ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಬಿದ್ದಿದ್ದವ ಅವನು. ಮನಸ್ಸು ಒಣಗಿ ಕತ್ತಲಾದ ಹೊತ್ತಿನಲ್ಲಿ, ಬೆಳಕಿದ್ದಾಗ ಮಾಡಿದ ತೀರ್ಮಾನ ಬದಲಿಸಬೇಡ ಎಂದ. ನಮ್ಮ ದೋಣಿಯವರು ಮಂಜಿನಲ್ಲಿ ಮಾಡುವುದೂ ಅದೇ. ದಿಕ್ಸೂಚಿ ತೋರಿಸಿದ ದಿಕ್ಕು ಬಿಟ್ಟು ಕಣ್ಣು ಹೇಳಿದ ಕಡೆ ಚುಕ್ಕಾಣಿ ತಿರುಗಿಸುವುದಿಲ್ಲ.

ತಮ್ಮ ಈಗ ಗೋವಾಕ್ಕೆ ಗೂಡ್ಸ್ ಗಾಡಿ ಓಡಿಸುತ್ತಾನೆ. ಆರ್ಡರ್ ಇನ್ನೂ ಬಂದಿಲ್ಲ.

ಚಂದಾವರದ ಸಂತ

ಕುಮಟಾ ಹೊನ್ನಾವರದ ನಡುವಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಜೇವಿಯರ್ ಇಗರ್ಜಿ ಇದೆ. ಡಿಸೆಂಬರ್ 3 ಅಲ್ಲಿನ ಹಬ್ಬ. ಕ್ರೈಸ್ತರಲ್ಲದವರೂ ಹರಕೆ ಹೊತ್ತು ಬರುತ್ತಾರೆ. ಆ ದಿನ ಯಾಕೆ ಅಂತ ಕೇಳಿದರೆ, ಸಂತ ತೀರಿಕೊಂಡ ದಿನ ಅನ್ನುತ್ತಾರೆ. ಹೇಗೆ ತೀರಿಕೊಂಡ ಅನ್ನುವುದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಇಗ್ನೇಷಿಯಸ್‌ನ ಮೊದಲ ಸಂಗಾತಿಗಳಲ್ಲಿ ಒಬ್ಬನಾದ ಜೇವಿಯರ್ 1542ರಲ್ಲಿ ಗೋವಾಕ್ಕೆ ಬಂದವನು. ಅಲ್ಲಿಂದ ಮಲಾಕ್ಕಾ, ಜಪಾನ್ ಎಲ್ಲ ಸುತ್ತಿದ. ಕೊನೆಯ ಆಸೆ ಚೀನಾ. ವಿದೇಶಿಯರು ಕಾಲಿಟ್ಟರೆ ಜೈಲು ಅನ್ನುವ ಕಾಲ. 1552ರಲ್ಲಿ ಚೀನಾದ ದಡದಿಂದ ಸ್ವಲ್ಪವೇ ದೂರದ ಶಾಂಗ್‌ಚುವಾನ್ ದ್ವೀಪಕ್ಕೆ ಬಂದಿಳಿದ. ಕದ್ದು ದಾಟಿಸುತ್ತೇನೆ ಎಂದು ಒಬ್ಬ ಚೀನೀ ವ್ಯಾಪಾರಿ ಒಪ್ಪಿದ. ಕೂಲಿ ಹಣದಲ್ಲಲ್ಲ, ಕಾಳುಮೆಣಸಿನಲ್ಲಿ. (ಮೆಣಸು ಅಂದಾಗ ನಮ್ಮ ಕಡೆಯವರ ಕಿವಿ ನೆಟ್ಟಗಾಗುತ್ತದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು.) ಜೇವಿಯರ್ ದಡದಲ್ಲಿ ಕಾದ. ದೋಣಿ ಬರಲಿಲ್ಲ. ಜ್ವರ ಬಂತು. ಒಂದು ಗುಡಿಸಲಿನಲ್ಲಿ, 46ನೇ ವಯಸ್ಸಿನಲ್ಲಿ, ಆ ದೋಣಿಗೆ ಕಾಯುತ್ತಲೇ ಪ್ರಾಣ ಬಿಟ್ಟ. ಹಳೆ ಗೋವಾದಲ್ಲಿ ಹತ್ತು ವರ್ಷಕ್ಕೊಮ್ಮೆ ಜನ ಸಾಲುಗಟ್ಟಿ ನೋಡುವುದು ಅವನ ದೇಹವನ್ನೇ.

ಅವನು ಸಾಯುವ ಎರಡು ತಿಂಗಳ ಮುಂಚೆ ಇಟಲಿಯಲ್ಲಿ ಒಂದು ಮಗು ಹುಟ್ಟಿತ್ತು, ಮತ್ತೆಯೊ ರಿಚ್ಚಿ. 1583ರಲ್ಲಿ ಚೀನಾದೊಳಗೆ ನೆಲೆಸಲು ಅನುಮತಿ ಸಿಕ್ಕಿದ ಯೇಸು ಸಭೆಯವರಲ್ಲಿ ಅವನೂ ಒಬ್ಬ. ಎಲ್ಲ ಸರಿಹೋಯಿತಲ್ಲ ಎಂದು ಇದನ್ನು ಹೇಳುವವರಿದ್ದಾರೆ. ಇರಬಹುದು. ಆದರೆ ಜೇವಿಯರ್‌ಗೆ ಅದು ಗೊತ್ತಿರಲಿಲ್ಲ.

ಇನ್ನೊಂದು ಲೆಕ್ಕ ಹಾಕಿ ನೋಡಿದೆ. ಆಗಮನ ಕಾಲ ಬೇಗ ಎಂದರೆ ನವೆಂಬರ್ 27ಕ್ಕೆ ಶುರು, ತಡ ಎಂದರೆ ಡಿಸೆಂಬರ್ 3ಕ್ಕೆ. ಹಾಗಾಗಿ ಚಂದಾವರದ ಹಬ್ಬದ ದಿನ, ಅದು ಯಾವ ವರ್ಷವೇ ಆಗಲಿ, ಹಸಿರು ಬಳೆಯಲ್ಲಿ ಹಚ್ಚಿರುವುದು ಒಂದೇ ಮೊಂಬತ್ತಿ. ಈ ಸಲ ಅಮ್ಮನ ಜೊತೆ ಪಕ್ಕದ ಮನೆಯ ಅಕ್ಕನೂ ಬರುತ್ತೇನೆ ಅಂದಿದ್ದಾರೆ. ಬೆಳಗಿನ ಬಸ್ಸು ಹಿಡಿಯಬೇಕು.